ಆರು ತಿಂಗಳು ಬರೀ ಕಾಯಿ ತುರಿದೆ

ಪಿಯುಸಿ ಮುಗಿಸಿದ ವರ್ಷ ನಮ್ಮೂರಿನ ಒಂದು ಮದುವೆಯಲ್ಲಿ ಬಡಿಸಲು ಜನ ಸಾಲಲಿಲ್ಲ. ನಾನು ಕೋಸಂಬರಿ ಪಾತ್ರೆ ಹಿಡಿದೆ. ಊಟವೆಲ್ಲ ಮುಗಿದ ಮೇಲೆ ಅಡುಗೆ ಭಟ್ರು ಕರೆದು, "ಮಾಣಿ, ಸುಮ್ನೆ ಮನೇಲಿ ಕೂರೋ ಬದಲು ನಮ್ ಜೊತೆ ಬಾ" ಎಂದರು. ಹೊಸನಗರದ ಕಡೆಯ ಹಳ್ಳಿಯಿಂದ ಶಿವಮೊಗ್ಗದ ಬಸ್ ಹತ್ತಿದ್ದು ಹಾಗೆ. ಡಿಗ್ರಿ ಬಿಟ್ಟು ಸೌಟು ಹಿಡೀತಾನಂತೆ ಎಂದು ಅಪ್ಪ ಅಮ್ಮನ ಹತ್ತಿರ ಗೊಣಗಿದರು. ನನ್ನ ಹತ್ತಿರ ಏನೂ ಹೇಳಲಿಲ್ಲ.

ಸೌಟು ಹಿಡಿಯಲು ಬಿಟ್ಟರೆ ತಾನೆ! ಮೊದಲ ಆರು ತಿಂಗಳು ಕಾಯಿ ತುರಿದೆ, ತರಕಾರಿ ಹೆಚ್ಚಿದೆ, ಪಾತ್ರೆ ತೊಳೆದೆ. ಕಾಯಿ ತುರಿಯುವುದರಲ್ಲಿ ಕಲಿಯಲು ಏನಿದೆ ಅನ್ನಿಸುತ್ತೆ ಅಲ್ವಾ? ಮೇಲಿನ ಬಿಳಿ ತುರಿ ಪಾಯಸದ ಹಾಲಿಗೆ ಮತ್ತು ತಂಬುಳಿಗೆ. ಕರಟದ ಹತ್ತಿರ ಬರುವ ಕಂದು ಬೆರೆತ ತುರಿ ಹುಳಿಗೆ. ಎರಡನ್ನೂ ಒಂದೇ ಪಾತ್ರೆಗೆ ಹಾಕಿದ ದಿನ ಪಾಯಸದ ಬಣ್ಣ ಕೆಟ್ಟಿತು, ಬೈಗುಳವೂ ಸಿಕ್ಕಿತು. ಹೆಚ್ಚುವುದೂ ಅಷ್ಟೇ. ಮನೆಯಲ್ಲಿ ಸೌತೆಕಾಯಿ ಹೋಳು ಸಣ್ಣದೊಂದು ದೊಡ್ಡದೊಂದು ಆದರೆ ನಡೆಯುತ್ತದೆ. ಕೊಪ್ಪರಿಗೆಯಲ್ಲಿ ಅರ್ಧ ಕರಗಿ ಹೋಗುತ್ತದೆ, ಇನ್ನರ್ಧ ಕಚ್ಚಿದರೆ ಕಟುಂ ಅನ್ನುತ್ತದೆ.

ಒಲೆ ಹತ್ತಿರ ಬಿಟ್ಟ ಮೇಲೆ ಮೊದಲು ಕೊಟ್ಟದ್ದು ಅನ್ನ. ಭಟ್ರ ಲೆಕ್ಕ 100 ಜನಕ್ಕೆ 10 ಕೆಜಿ ಅಕ್ಕಿ. ಹಳ್ಳಿಯ ಮದುವೆಯಾದರೆ ಇನ್ನೆರಡು ಕೆಜಿ ಜಾಸ್ತಿ. ಕುದಿಯುವಾಗ ಒಂದು ಅಗುಳು ತೆಗೆದು ಬೆರಳಲ್ಲಿ ಹಿಸುಕಬೇಕು. ನಡುವೆ ಸಣ್ಣ ಬಿಳಿ ಚುಕ್ಕೆ ಉಳಿದಿರುವಾಗಲೇ ಬಸಿಯಬೇಕು. ಪೂರ್ತಿ ಬೆಂದಿದೆ ಅನ್ನಿಸಿದ ಮೇಲೆ ಬಸಿದರೆ ತಡವಾಯಿತು ಅಂತಲೇ ಅರ್ಥ. ಅಷ್ಟು ದೊಡ್ಡ ರಾಶಿಯ ಬಿಸಿ ಬೇಗ ಆರುವುದಿಲ್ಲ, ಬುಟ್ಟಿಯಲ್ಲೂ ಅನ್ನ ಬೇಯುತ್ತಲೇ ಇರುತ್ತದೆ. ಇದು ಕೈಗೆ ಬರಲು ನನಗೆ ಒಂದು ಇಡೀ ಸೀಸನ್ ಬೇಕಾಯಿತು.

100 ಜನರ ಅಡುಗೆಯನ್ನು 5ರಿಂದ ಗುಣಿಸಿದರೆ 500 ಜನರ ಅಡುಗೆ ಆಗುವುದಿಲ್ಲ. ಅಕ್ಕಿ, ಬೇಳೆ ಗುಣಿಸಬಹುದು. ನೀರು ಆಗಲ್ಲ, ದೊಡ್ಡ ಪಾತ್ರೆಯಲ್ಲಿ ಆ ಪ್ರಮಾಣಕ್ಕೆ ಆವಿಯಾಗುವುದು ಕಡಿಮೆ. ಉಪ್ಪು, ಖಾರ, ಹುಣಸೆರಸವನ್ನು ಐದು ಪಾಲಲ್ಲಿ ನಾಲ್ಕು ಹಾಕಿ, ರುಚಿ ನೋಡಿ, ಆಮೇಲೆ ಕೈ ಮುಂದೆ ಮಾಡಬೇಕು. ಹಾಕಿದ್ದನ್ನು ತೆಗೆಯಲು ಯಾರಿಂದಲೂ ಆಗುವುದಿಲ್ಲ.

ನನ್ನ ದೊಡ್ಡ ತಪ್ಪು ಎರಡನೇ ವರ್ಷದ್ದು. ಮದುವೆಯ ಹಿಂದಿನ ರಾತ್ರಿ ಅರ್ಧ ಕೊಪ್ಪರಿಗೆ ಹುಳಿ ಉಳಿದಿತ್ತು. ಬೆಳಗಿನ ಕೆಲಸದವರ ಊಟಕ್ಕೆ ಆಗಲಿ ಎಂದು ಬಿಸಿ ಇರುವಾಗಲೇ ಗಟ್ಟಿಯಾಗಿ ಮುಚ್ಚಿ ಮಲಗಿದೆ. ಬೆಳಿಗ್ಗೆ ಮುಚ್ಚಳ ತೆಗೆದರೆ ನೊರೆ! ಮೊದಲೇ ಕಾಯಿ ಅರೆದು ಹಾಕಿದ್ದು, ಮೇಲೆ ತಣ್ಣಗಾದರೂ ನಡುವೆ ರಾತ್ರಿಯಿಡೀ ಉಗುರುಬೆಚ್ಚಗೇ ಇದ್ದಿರಬೇಕು. ಭಟ್ರು ಬೈಯಲಿಲ್ಲ. ತಾವೇ ಹೊತ್ತುಕೊಂಡು ಹೋಗಿ ಅಡಿಕೆ ಮರದ ಬುಡಕ್ಕೆ ಚೆಲ್ಲಿ, ಪಾತ್ರೆಯನ್ನು ನನ್ನ ಮುಂದೆ ಇಟ್ಟರು. ಬೈದಿದ್ದರೆ ಚೆನ್ನಾಗಿತ್ತು. 5ರಿಂದ 60 ಡಿಗ್ರಿ ನಡುವೆ ಅಡುಗೆಯನ್ನು ಹೆಚ್ಚು ಹೊತ್ತು ಬಿಡಬಾರದು, ಉಳಿದದ್ದನ್ನು ಅಗಲ ತಟ್ಟೆಗಳಿಗೆ ಸುರಿದು ಬೇಗ ಆರಿಸಿ ಫ್ರಿಜ್‌ಗೆ ಇಡಬೇಕು ಅನ್ನುವುದು ಆಮೇಲೆ ಹೋಟೆಲಿನಲ್ಲಿ ಕಲಿತದ್ದು.

ಹೋಟೆಲಿಗೆ ಹೋಗಲು ಕಾರಣ ಆಷಾಢ. ಆ ತಿಂಗಳು ಮದುವೆ ಇಲ್ಲ, ಧನುರ್ಮಾಸದಲ್ಲೂ ಇಲ್ಲ. ಸಂಪಾದನೆ ಸೊನ್ನೆ. ಮೂರು ವರ್ಷ ಕಲಿತದ್ದಕ್ಕೆ ಕೈಯಲ್ಲಿ ಒಂದು ಕಾಗದವೂ ಇರಲಿಲ್ಲ. 1961ರ ಅಪ್ರೆಂಟಿಸ್ ಕಾಯ್ದೆ ಹೋಟೆಲ್ ಅಡುಗೆಮನೆಗೂ ಅನ್ವಯಿಸುತ್ತದೆ, 2016ರಿಂದ ಸ್ಟೈಪೆಂಡಿನಲ್ಲಿ ಒಂದು ಪಾಲನ್ನು ಕೇಂದ್ರ ಸರ್ಕಾರವೇ ಕೊಡುವ ಯೋಜನೆಯೂ ಇದೆ ಎಂದು ಆಗ ಗೊತ್ತಾಯಿತು. ಆದರೆ ಮೊದಲು ಸೇರಿದ ಕಡೆ ಅಪ್ರೆಂಟಿಸ್ ಎಂದು ಕರೆದು ಮೂರು ತಿಂಗಳು ಟೇಬಲ್ ಒರೆಸಲು ಹಚ್ಚಿದರು. ಒಪ್ಪಂದ ನೋಂದಣಿಯೇ ಆಗಿರಲಿಲ್ಲ. ನೀವು ಸೇರುವುದಾದರೆ ಸರ್ಕಾರದ ಪೋರ್ಟಲ್‌ನಲ್ಲಿ ನಿಮ್ಮ ಹೆಸರಿನ ಒಪ್ಪಂದ ಇದೆಯಾ ಎಂದು ಮೊದಲ ವಾರವೇ ನೋಡಿಕೊಳ್ಳಿ. ಮುಲಾಜು ಬೇಡ.

ಎರಡನೇ ಹೋಟೆಲ್ ಒಳ್ಳೆಯದಿತ್ತು. ಅಲ್ಲಿನ ಶೆಫ್ ಮೊದಲ ದಿನ 'ಮಿಜಾನ್ ಪ್ಲಾಸ್' ಎಂಬ ಫ್ರೆಂಚ್ ಹೆಸರು ಹೇಳಿ ಅರ್ಧ ಗಂಟೆ ಪಾಠ ಮಾಡಿದರು. ನನಗೆ ನಗು ಬಂತು. "ಎಲ್ಲಾ ಹೊಂದಿಸಿಟ್ಕೊಂಡು ಆಮೇಲೆ ಒಲೆ ಹಚ್ಚು" ಎಂದು ಭಟ್ರು ದಿನಾ ಕೂಗುತ್ತಿದ್ದದ್ದೂ ಅದೇ ತಾನೆ. ಹೊಸದಾಗಿ ಕಲಿತದ್ದು ಡಬ್ಬಿ ಮೇಲೆ ತಾರೀಕು ಬರೆಯುವುದು, ಒಂದು ಪ್ಲೇಟಿಗೆ ಎಷ್ಟು ಖರ್ಚು ಬಿತ್ತು ಎಂದು ಕಾಗದದ ಮೇಲೆ ಲೆಕ್ಕ ಹಾಕುವುದು. ಭಟ್ರ ಲೆಕ್ಕವೆಲ್ಲ ತಲೆಯಲ್ಲೇ ಇತ್ತು.

ಈಗ ಸೀಸನ್‌ನಲ್ಲಿ ನನ್ನದೇ ಎಂಟು ಜನರ ತಂಡದ ಜೊತೆ ಸಾಗರ, ತೀರ್ಥಹಳ್ಳಿ ಕಡೆ ಕೇಟರಿಂಗ್ ಮಾಡುತ್ತೇನೆ. 500 ಜನ ಎಂದರೆ ಭಯವಿಲ್ಲ. ಮೂರು ಜನರ ಅಡುಗೆ ಎಂದರೆ ಮಾತ್ರ ಕೈ ತಡವರಿಸುತ್ತದೆ. ಮೊನ್ನೆ ಅಮ್ಮ ತವರಿಗೆ ಹೋಗಿದ್ದಾಗ ನಾನು ಮಾಡಿದ ಸಾರನ್ನು ಕುದಿಸಿ ಕುದಿಸಿ ಮೂರು ದಿನ ಉಂಡೆವು. ಸದ್ಯ, ಕಾಯಿ ಹಾಕಿರಲಿಲ್ಲ. ಅಪ್ಪ ಮೂರು ದಿನವೂ ಏನೂ ಹೇಳಲಿಲ್ಲ.