ಸೆಮಿ-ಆಟೋಮ್ಯಾಟಿಕ್ ಬಂದೂಕಿನ ಮಿಸ್‌ಫೈರ್: ದೋಷ ಹಿಡಿಯೊಳಗಿತ್ತು (ನನ್ನ ಅನುಭವ)

ಬಳ್ಳಾರಿಯಲ್ಲಿ ಬಂದೂಕು ರಿಪೇರಿ ಮಾಡುವವರು ಈಗ ಬೆರಳೆಣಿಕೆಯಷ್ಟು ಮಾತ್ರ ಉಳಿದಿದ್ದೇವೆ. ಅವರಲ್ಲಿ ಯಾರೂ ನಂಬದ ಒಂದು ಕೆಲಸ ನನ್ನ ಕೈಯಲ್ಲಿ ಸರಿಹೋದುದರಿಂದ ಇದನ್ನು ಬರೆಯುತ್ತಿದ್ದೇನೆ. ಬಂದೂಕು ಸಂಡೂರು ಕಡೆಯ ಗಿರಾಕಿಯೊಬ್ಬರದು. ಹನ್ನೆರಡು ಬೋರಿನ ಹಳೆಯ ಸೆಮಿ-ಆಟೋಮ್ಯಾಟಿಕ್, ಅಂದರೆ ಒಂದು ಗುಂಡು ಹಾರಿದ ಮೇಲೆ ಮುಂದಿನ ಕಾಡತೂಸನ್ನು ತಾನೇ ತುಂಬಿಕೊಳ್ಳುವಂಥದು. ಜಾನ್ ಬ್ರೌನಿಂಗ್ 1900ರಲ್ಲಿ ಪೇಟೆಂಟ್ ಪಡೆದ, ಗುಂಡು ಹಾರಿದಾಗ ನಳಿಕೆಯೂ ಅದರ ಹಿಂಬದಿಯನ್ನು ಮುಚ್ಚುವ ಬೋಲ್ಟೂ ಒಟ್ಟಿಗೆ ಹಿಂದೆ ಸರಿಯುವ ಲಾಂಗ್ ರಿಕಾಯಿಲ್ ಪದ್ಧತಿಯದು. ಅಜ್ಜನ ಕಾಲದಿಂದ ಪರವಾನಗಿಯಲ್ಲಿ ನಡೆದುಬಂದಿದೆ. 2024ರಲ್ಲಿ ಲೋಕಸಭಾ ಚುನಾವಣೆಗೊಮ್ಮೆ, ನವೆಂಬರಿನ ಸಂಡೂರು ಉಪಚುನಾವಣೆಗೊಮ್ಮೆ, ಹೀಗೆ ಒಂದೇ ವರ್ಷದಲ್ಲಿ ಎರಡು ಸಲ ಠಾಣೆಯಲ್ಲಿ ಠೇವಣಿಯಾಗಿ ಕುಳಿತು ಬಂದ ಮೇಲೆ ಅದು ಮೂರಕ್ಕೊಂದರಂತೆ ಮಿಸ್ ಆಗತೊಡಗಿತು, ಅಂದರೆ ಟ್ರಿಗರ್ ಎಳೆದರೂ ಗುಂಡು ಹಾರುತ್ತಿರಲಿಲ್ಲ.

ನಾನು ಉಸ್ತಾದ್ ಎಂದೇ ಕರೆಯುವ ಹಿರಿಯರೊಬ್ಬರು ಅದನ್ನು ನೋಡಿ, "ತಮ್ಮಾ, ಕಾಡತೂಸು ತಂಪು ಹಿಡಿದಾವು, ಬಂದೂಕಿಗೆ ಏನೂ ಆಗಿಲ್ಲ ಬಿಡು" ಎಂದರು. ಗಿರಾಕಿ ಹೊಸ ಕಾಡತೂಸು ತಂದರು. ಒಂದಕ್ಕೆ ನೂರರ ಮೇಲೆ ಬೆಲೆ ಕೊಟ್ಟಿದ್ದ ಆ ಕಾಡತೂಸುಗಳಲ್ಲಿ ಹತ್ತಕ್ಕೆ ಮೂರು ಹಾರಲಿಲ್ಲ. ಆಮೇಲೆ ಕಾಡತೂಸಿನ ಹಿಂಬದಿಗೆ ಬಡಿಯುವ ಫೈರಿಂಗ್ ಪಿನ್ ಸವೆದಿರಬೇಕೆಂದು ನಾನೇ ತೀರ್ಮಾನಿಸಿ, ಲೇತ್‌ನಲ್ಲಿ ಹೊಸದನ್ನು ಮಾಡಿಸಿದೆ. ಅದಕ್ಕೆ ಹದಿನೆಂಟು ನೂರು ರೂಪಾಯಿ ಹೋಯಿತು, ಫಲ ಸಿಗಲಿಲ್ಲ. ಆ ಪಿನ್ನಿಗೆ ಪೆಟ್ಟು ಕೊಡುವ ಹ್ಯಾಮರಿನ ಚಪ್ಪಟೆ ಸ್ಪ್ರಿಂಗ್ ಬದಲಿಸಿದ್ದಕ್ಕೆ ಮತ್ತೆ ಸಾವಿರದ ಮೇಲಾಯಿತು. ಗಿರಾಕಿಯಿಂದ ಆ ಹಣವನ್ನು ನಾನು ಕೇಳಲಿಲ್ಲ, ಏಕೆಂದರೆ ಎರಡೂ ನನ್ನ ತಪ್ಪು ತೀರ್ಮಾನಗಳೇ ಆಗಿದ್ದವು.

ದಾರಿ ತೋರಿಸಿದ್ದು ಹಾರದೆ ಉಳಿದ ಕಾಡತೂಸುಗಳು. ರೇಂಜಿನಲ್ಲಿ ಟಕ್ ಎಂದು ಸದ್ದಾಗಿ ಗುಂಡು ಹಾರದಿದ್ದಾಗಲೆಲ್ಲ ನಳಿಕೆಯನ್ನು ಮಣ್ಣಿನ ದಿಬ್ಬದ ಕಡೆಗೇ ಹಿಡಿದು, ಅರವತ್ತರವರೆಗೆ ಎಣಿಸಿ, ಆಮೇಲೆ ಬೋಲ್ಟ್ ಎಳೆದು ತೆಗೆದವು ಅವು. ಅವನ್ನು ಬಿಸಿಲಿನಲ್ಲಿ ಸಾಲಾಗಿ ನಿಲ್ಲಿಸಿ ಭೂತಗನ್ನಡಿಯಿಂದ ಕ್ಯಾಪ್‌ಗಳನ್ನು, ಅಂದರೆ ಪಿನ್ ಬಡಿದಾಗ ಕಿಡಿ ಹೊತ್ತಿಸುವ ಹಿಂಬದಿಯ ಬಿಲ್ಲೆಗಳನ್ನು, ನೋಡಿದೆ. ಒಂದರ ಮೇಲೆ ಸೂಜಿ ಮುಟ್ಟಿದಷ್ಟು ಗುರುತು, ಇನ್ನೊಂದರ ಮೇಲೆ ಅರ್ಧ ಗುಂಡಿ, ಮತ್ತೊಂದರ ಮೇಲೆ ಹೆಚ್ಚುಕಡಿಮೆ ಪೂರ್ತಿ ಗುಂಡಿ. ಹ್ಯಾಮರಿನ ಸ್ಪ್ರಿಂಗ್ ಸೋತಿದ್ದರೆ ಎಲ್ಲ ಗುರುತುಗಳೂ ಒಂದೇ ಸಮನಾಗಿ ಆಳವಿಲ್ಲದೆ ಇರಬೇಕಿತ್ತು. ಪೆಟ್ಟು ಹೀಗೆ ಏರುಪೇರಾಗಬೇಕಾದರೆ ಬೋಲ್ಟ್ ಪ್ರತಿ ಸಲವೂ ಬೇರೆ ಬೇರೆ ಜಾಗದಲ್ಲಿ ನಿಲ್ಲುತ್ತಿರಬೇಕು. ಅಲ್ಲದೆ ನಾನು ಕೈಯಿಂದ ತುಂಬಿ, ಅಂಗೈಯಿಂದ ಒತ್ತಿ ಕೂರಿಸಿದ ಮೊದಲ ಕಾಡತೂಸು ಒಮ್ಮೆಯೂ ಮಿಸ್ ಆಗಿರಲಿಲ್ಲ. ಬಂದೂಕು ತಾನೇ ತುಂಬಿಕೊಂಡ ಎರಡನೆಯದೋ ಮೂರನೆಯದೋ ಕೈಕೊಡುತ್ತಿತ್ತು. ಮಿಸ್ ಆದವುಗಳನ್ನು ಮತ್ತೆ ಕೈಯಿಂದ ಕೂರಿಸಿದಾಗ ಏಳರಲ್ಲಿ ಆರು ಹಾರಿದವು. ಆದ್ದರಿಂದ ಕಾಡತೂಸಿನ ಮೇಲಿನ ಆರೋಪ ಅಲ್ಲಿಗೇ ಬಿದ್ದುಹೋಯಿತು.

ಖಾತ್ರಿಗಾಗಿ, ಬಂದೂಕು ಖಾಲಿಯಿದ್ದಾಗ ಬೋಲ್ಟನ್ನು ಒತ್ತಿ ಪೂರ್ತಿ ಮುಚ್ಚಿ, ಬೋಲ್ಟಿನಿಂದ ಅದು ಓಡಾಡುವ ಲೋಹದ ಪೆಟ್ಟಿಗೆಯಾದ ರಿಸೀವರಿನ ಅಂಚಿಗೆ ಹಾಯುವಂತೆ ಪೆನ್ಸಿಲಿನಿಂದ ಒಂದು ಸಣ್ಣ ಗೆರೆ ಎಳೆದೆ. ಆಮೇಲೆ ಮದ್ದಿಲ್ಲದ ಡಮ್ಮಿ ಕಾಡತೂಸು ಹಾಕಿ ಬೋಲ್ಟನ್ನು ತನ್ನಷ್ಟಕ್ಕೆ ಮುಚ್ಚಲು ಬಿಟ್ಟೆ. ಗೆರೆಯ ಎರಡು ತುಂಡುಗಳ ನಡುವೆ ಕೂದಲೆಳೆಯಷ್ಟು ಅಂತರ ಉಳಿಯಿತು. ಹತ್ತು ಸಲ ಮಾಡಿದೆ, ನಾಲ್ಕು ಸಲ ಅಂತರವಿತ್ತು. ಆ ಸ್ಥಿತಿಯಲ್ಲಿ ಟ್ರಿಗರ್ ಎಳೆದರೆ ಹ್ಯಾಮರಿನ ಪೆಟ್ಟು ಬೋಲ್ಟನ್ನು ಕೂರಿಸುವುದಕ್ಕೇ ಖರ್ಚಾಗಿ, ಕ್ಯಾಪಿಗೆ ಮುಟ್ಟುವಷ್ಟರಲ್ಲಿ ಬಲವೇ ಇರುವುದಿಲ್ಲ.

ಬೋಲ್ಟನ್ನು ಮುಂದಕ್ಕೆ ದೂಡುವ ಸ್ಪ್ರಿಂಗ್, ಭುಜಕ್ಕೆ ಒತ್ತಿ ಹಿಡಿಯುವ ಹಿಂದಿನ ಮರದ ಹಿಡಿಯೊಳಗಿನ ಕೊಳವೆಯಲ್ಲಿರುತ್ತದೆ. ನಾನು ಹಿಡಿ ಬಿಚ್ಚುತ್ತೇನೆಂದಾಗ ಉಸ್ತಾದ್, "ಟಕ್ ಅನ್ನೋದು ಮುಂದ, ನೀನು ಬಿಚ್ಚೋದು ಹಿಂದ, ಏನು ಸಂಬಂಧನೋ ತಮ್ಮಾ" ಎಂದರು. ಹಳೆಯ ಹಿಡಿಯ ಮರ ಸೀಳಿದರೆ ಹೊಣೆ ನನ್ನದೇ ಆಗುವುದರಿಂದ ಅರ್ಧ ದಿನ ತಾಳ್ಮೆಯಿಂದ ಬಿಚ್ಚಿದೆ. ಕೊಳವೆಯಿಂದ ಸ್ಪ್ರಿಂಗ್ ಹೊರಬಂದಾಗ ಅದರ ಸುರುಳಿಗಳ ನಡುವೆ ಎಣ್ಣೆಯಲ್ಲಿ ಕಲಸಿದ ಕುಂಕುಮದಂಥ ಕೆಂಪು ಅಂಟು ತುಂಬಿತ್ತು. ಸಂಡೂರಿನ ಅದಿರಿನ ಧೂಳು ಎಷ್ಟು ನುಣುಪೆಂಬುದು ನಮ್ಮ ಕಡೆಯವರಿಗೆ ಗೊತ್ತು. ಅದರ ಮೇಲೆ ಮನೆಯವರು ವರ್ಷಗಳಿಂದ ಕೊಬ್ಬರಿ ಎಣ್ಣೆ ಬಿಟ್ಟಿದ್ದರು. ತಿಂಗಳುಗಟ್ಟಲೆ ಅಲುಗಾಡದೆ ನಿಂತಿದ್ದರಿಂದ ಅದು ಅರಗಿನಂತೆ ಗಟ್ಟಿಯಾಗಿತ್ತು. ಸೀಮೆಎಣ್ಣೆಯಲ್ಲಿ ಒಂದು ರಾತ್ರಿ ನೆನೆಸಿ, ಸೈಕಲ್ಲಿನ ಕಡ್ಡಿಗೆ ಬಟ್ಟೆ ಸುತ್ತಿ ಕೊಳವೆಯನ್ನು ಉಜ್ಜಿದೆ. ಬಟ್ಟೆ ಕೆಂಪಾಗುವುದು ನಿಲ್ಲಲು ಇಪ್ಪತ್ತು ತುಂಡುಗಳಾದರೂ ಬೇಕಾದವು.

ತೊಳೆದ ಮೇಲೆ ಮಿಸ್ ಆಗುವುದು ಹತ್ತಕ್ಕೆ ಒಂದಕ್ಕಿಳಿಯಿತು, ಆದರೆ ನಿಲ್ಲಲಿಲ್ಲ. ಸ್ಪ್ರಿಂಗ್ ಕುಗ್ಗಿತ್ತು. ಹೊಸದನ್ನು ಸುತ್ತಿಸಲು ಓಡಾಟವೂ ಸೇರಿ ಸುಮಾರು ಎರಡೂವರೆ ಸಾವಿರ ರೂಪಾಯಿ ಆಯಿತು. ಮೊದಲನೆಯದು ವಿಪರೀತ ಬಿಗಿಯಾಗಿ, ಖಾಲಿ ಕಾಡತೂಸು ಹೊರಗೆ ಹಾರದೆ ಅದು ಹೊರಬೀಳುವ ಕಿಂಡಿಯಲ್ಲೇ ಸಿಕ್ಕಿಕೊಂಡಿತು. ಅದನ್ನು ಅರ್ಧ ಸುರುಳಿಯಂತೆ ಕತ್ತರಿಸುತ್ತ, ಪ್ರತಿ ಸಲವೂ ಪೆನ್ಸಿಲಿನ ಗೆರೆಯಿಂದ ಅಳೆಯುತ್ತ ಬಂದೆ. ಎಷ್ಟು ಸುರುಳಿ ಉಳಿಸಿದೆ ಎಂಬುದನ್ನೂ ಕತ್ತರಿಸಿದ ತುದಿಯನ್ನು ಕೊಳವೆಗೆ ಉಜ್ಜದಂತೆ ಹೇಗೆ ಕೂರಿಸಿದೆ ಎಂಬುದನ್ನೂ ಇಲ್ಲಿ ಹೇಳುವುದಿಲ್ಲ. ಅದು ನನ್ನ ಅನ್ನದ ದಾರಿ. ಕೊಳವೆಯೊಳಗೆ ಎಣ್ಣೆಯನ್ನು ಮಾತ್ರ ಬಿಡಲಿಲ್ಲ. ನಮ್ಮ ಧೂಳಿಗೆ ಒಣ ಗ್ರ್ಯಾಫೈಟ್ ಪುಡಿಯೇ ಸರಿ.

ಎರಡು ದಿನಗಳಲ್ಲಿ ಐವತ್ತರ ಆಸುಪಾಸು ಕಾಡತೂಸು ಹಾರಿಸಿದೆವು, ಒಂದೂ ಮಿಸ್ ಆಗಲಿಲ್ಲ. ಎಲ್ಲ ಕ್ಯಾಪ್‌ಗಳ ಮೇಲೂ ಒಂದೇ ಆಳದ ಗುಂಡಿ ಬಿದ್ದಿತ್ತು. ಬಳ್ಳಾರಿಯಲ್ಲಿ ಈ ಪದ್ಧತಿಯ ಬಂದೂಕನ್ನು ನನ್ನಷ್ಟು ಒಳಗಿನಿಂದ ನೋಡಿದವರು ಈಗ ಬೇರೆ ಯಾರೂ ಇಲ್ಲವೆಂದು ಧೈರ್ಯವಾಗಿ ಹೇಳಬಲ್ಲೆ.

ಇದರ ಜೊತೆಗೆ ಇನ್ನೊಂದು ಪ್ರಯೋಗವನ್ನೂ ಮಾಡಿದೆ. ನಳಿಕೆಯನ್ನು ಮತ್ತೆ ಮುಂದಕ್ಕೆ ತರುವ ಬೇರೊಂದು ಸ್ಪ್ರಿಂಗಿನ ಮೇಲೆ ಕೂತು, ನಳಿಕೆ ಹಿಂದೆ ಸರಿಯುವ ರಭಸವನ್ನು ತಡೆಯುವ ಘರ್ಷಣೆಯ ಉಂಗುರವನ್ನು ತೆಗೆದು ಸ್ಪ್ರಿಂಗಿನ ಕೆಳಗೆ, ಅಂದರೆ ಕಡಿಮೆ ಮದ್ದಿನ ಕಾಡತೂಸಿಗೆ ತಕ್ಕ ಜಾಗದಲ್ಲಿ, ಹಾಕಿ ನೋಡಿದೆ. ಹಗುರ ಕಾಡತೂಸುಗಳು ಚೆನ್ನಾಗಿ ನಡೆದವು, ಆದರೆ ಗಿರಾಕಿ ಬಳಸುವ ಭಾರೀ ಕಾಡತೂಸಿಗೆ ಭುಜಕ್ಕೆ ಬೀಳುವ ಹೊಡೆತ ವಿಪರೀತವಾಗಿ, ನಳಿಕೆ ಹಿಂದೆ ಬಡಿಯುವ ಸದ್ದು ಕೇಳಿಸಿತು. ಮೂರೇ ಸುತ್ತಿಗೆ ನಿಲ್ಲಿಸಿ, ಉಂಗುರವನ್ನು ಮತ್ತೆ ಮೇಲಕ್ಕೇ ಹಾಕಿ ಬಂದೂಕನ್ನು ಹಿಂದಿರುಗಿಸಿದೆ.