ಎಳೆ ಮೆಣಸಿನ ಬಳ್ಳಿಯನ್ನು ಬೇಸಿಗೆ ದಾಟಿಸುವುದು ಹೇಗೆ?

ಕಾರವಾರದಲ್ಲಿ ವರ್ಷಕ್ಕೆ ಮೂರು ಸಾವಿರ ಮಿ.ಮೀ. ಮೀರಿ ಮಳೆ ಸುರಿದರೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ ಒಳಗೇ ಮುಗಿದುಹೋಗುತ್ತದೆ. ಹಾಗಾಗಿ ಮಳೆಗಾಲದಲ್ಲಿ ನೆಟ್ಟ ಕಾಳುಮೆಣಸು ದೀಪಾವಳಿವರೆಗೆ ಹುರುಪಿನಿಂದ ಹಬ್ಬಿ, ಶಿವರಾತ್ರಿ ಹೊತ್ತಿಗೆ ಎಲೆ ಜೋಲಿಸಿ, ಏಪ್ರಿಲ್‌ನಲ್ಲಿ ಗಂಟುಗಂಟಾಗಿ ಕಳಚಿ ಬೀಳುವುದು ಶಿರಸಿ ಕಡೆಯ ತೋಟಗಳಲ್ಲೂ ಕರಾವಳಿಯ ಹಿತ್ತಲುಗಳಲ್ಲೂ ಮಾಮೂಲು. ಕೇಳಿದರೆ ‘ನೀರು ಕೊಟ್ಟಿದ್ದೆವಲ್ಲ’ ಎನ್ನುತ್ತಾರೆ. ಕೊಟ್ಟಿರುತ್ತಾರೆ ನಿಜ, ಕೊಡಬಾರದ ಜಾಗಕ್ಕೆ.

ನೆಡುವುದರ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ: ಜೂನ್‌-ಜುಲೈಯಲ್ಲಿ, ಬಳ್ಳಿ ಹಬ್ಬುವ ಮರದ ಈಶಾನ್ಯ ಮಗ್ಗುಲಲ್ಲಿ, ಬುಡದಿಂದ ಒಂದಡಿ ಬಿಟ್ಟು, ಬೇರು ಬಂದ ಸಸಿ. ದಿಕ್ಕು ತಪ್ಪಿಸಬೇಡಿ. ಮಧ್ಯಾಹ್ನದ ನಂತರದ ಬಿಸಿಲನ್ನು ಮರವೇ ತಡೆಯಬೇಕು. ದಟ್ಟ ಅಡಿಕೆ ತೋಟಕ್ಕೆ ಪಣಿಯೂರು-1 ತಳಿ ತರಬೇಡಿ, ನೆರಳು ಹೆಚ್ಚಾದರೆ ಅದು ಸರಿಯಾಗಿ ಕಾಳು ಕಟ್ಟುವುದಿಲ್ಲ. ಅಲ್ಲಿಗೆ ನಮ್ಮ ಮಲ್ಲಿಗೆಸರವೇ ಸೈ.

ಡಿಸೆಂಬರ್‌ ಮುಗಿಯುವುದರೊಳಗೆ ಮುಚ್ಚಿಗೆ ಆಗಬೇಕು. ಬೆಟ್ಟದ ದರಕು (ಉದುರಿದ ಒಣ ಎಲೆ) ನಾಲ್ಕು ಇಂಚು ದಪ್ಪ, ಬಳ್ಳಿಯ ಸುತ್ತ ಎರಡಡಿವರೆಗೆ ಹರಡಿ, ಆದರೆ ದಂಟಿನ ಸುತ್ತ ನಾಲ್ಕು ಬೆರಳು ಜಾಗ ಖಾಲಿ ಇರಲಿ. ದಂಟಿಗೆ ತಾಗಿಸಿ ಪೇರಿಸಿದರೆ ಅಲ್ಲೇ ಪಸೆ ನಿಂತು ವರಲೆಯೂ (ಗೆದ್ದಲು) ಕೊಳೆಯೂ ಶುರು. ಕಪ್ಪು ಪ್ಲಾಸ್ಟಿಕ್‌ ಹಾಳೆ ಹಾಸುವವರಿದ್ದಾರೆ. ಮೆಣಸಿನ ಸಣ್ಣ ಬೇರುಗಳೆಲ್ಲ ಮೇಲ್ಮಣ್ಣಿನಲ್ಲೇ ಇರುವುದರಿಂದ ಆ ಕಾವಿಗೆ ಬೆಂದುಹೋಗುತ್ತವೆ. ಅದೇ ಕಾರಣಕ್ಕೆ ಬೇಸಿಗೆಯಲ್ಲಿ ಬುಡ ಅಗೆಯುವುದೂ ಬೇಡ, ಗೊಬ್ಬರವೂ ಬೇಡ. ಪಡುವಣ ಬಿಸಿಲು ಬೀಳುವ ಕಡೆ ತೆಂಗಿನ ಮಡಲನ್ನೋ ಅಡಿಕೆ ಸೋಗೆಯನ್ನೋ ಓರೆಯಾಗಿ ಕಟ್ಟಿದರೆ ನೆರಳಿನ ಕೆಲಸ ಮುಗಿಯಿತು.

ಇನ್ನು ನೀರು. ಬಹುತೇಕರು ಎಡವುವುದು ಇಲ್ಲೇ.

ಮೊದಲು ಮಣ್ಣು ನೋಡಿ. ದರಕು ಸರಿಸಿ, ನಾಲ್ಕು ಇಂಚು ಆಳದ ಮಣ್ಣನ್ನು ಮುಷ್ಟಿಯಲ್ಲಿ ಹಿಚುಕಿ. ಉಂಡೆ ನಿಂತರೆ ಆ ದಿನ ನೀರು ಬೇಡ, ಪುಡಿಯಾದರೆ ಕೊಡಿ. ಚಿರೆಕಲ್ಲಿನ ಕೆಂಪು ಮಣ್ಣಾದರೆ ಮೊದಲ ವರ್ಷದ ಬಳ್ಳಿಗೆ ಮೂರು ದಿನಕ್ಕೊಮ್ಮೆ 5 ಲೀಟರ್‌ ಸಾಕು. ಕಡಲಂಚಿನ ಮರಳು ಮಣ್ಣಿನಲ್ಲಿ ನೀರು ನಿಲ್ಲುವುದಿಲ್ಲ, ದಿನ ಬಿಟ್ಟು ದಿನ 3 ಲೀಟರ್‌ ಹಾಕಿ. ದಿನಾ ಸಂಜೆ ಒಂದು ಚೊಂಬು ಚಿಮುಕಿಸುವುದು ಅತಿ ಕೆಟ್ಟ ಪದ್ಧತಿ. ಮೇಲಿನ ಎರಡು ಇಂಚು ಮಾತ್ರ ನೆನೆದು, ಬೇರು ಆಳಕ್ಕೆ ಇಳಿಯದೆ ಮೇಲೇ ಸುತ್ತುತ್ತದೆ. ಒಂದು ವಾರ ಮನೆಯವರು ಊರಿಗೆ ಹೋದರೆ ಬಳ್ಳಿಯ ಕಥೆ ಮುಗಿಯಿತು.

ನೀರು ಬೀಳಬೇಕಾದದ್ದು ದಂಟಿನಿಂದ ಒಂದಡಿ ದೂರದಲ್ಲಿ, ದಂಟಿನ ಮೇಲಲ್ಲ. ಬುಡ ಸದಾ ಒದ್ದೆಯಾಗಿದ್ದರೆ ಸೊರಗು ರೋಗದ ಶಿಲೀಂಧ್ರಕ್ಕೆ ನೀವೇ ಬಾಗಿಲು ತೆರೆದಂತೆ. ಅಡಿಕೆಗೆ ಸ್ಪ್ರಿಂಕ್ಲರ್‌ ಇದೆ, ಬಳ್ಳಿಗೆ ಬೇರೆ ಯಾಕೆ ಎಂಬ ವಾದ ಬಿಡಿ. ಆ ನೀರು ಮರಕ್ಕೆ ಬಡಿದು ಜಾರಿ ನೇರ ಬಳ್ಳಿಯ ಬುಡಕ್ಕೇ ಇಳಿಯುತ್ತದೆ, ಉಳಿದದ್ದನ್ನು ಅಡಿಕೆ ಬೇರಿನ ಬಲೆ ಹೀರುತ್ತದೆ. ಗಂಟೆಗೆ 4 ಲೀಟರಿನ ಡ್ರಿಪ್ಪರ್‌ ಒಂದೂಕಾಲು ಗಂಟೆ ಬಿಟ್ಟರೆ 5 ಲೀಟರ್‌ ಆಯಿತು. ಬಾಟಲಿ ಬಾಯಿಗೆ ಸಿಕ್ಕಿಸುವ ಅಗ್ಗದ ಪ್ಲಾಸ್ಟಿಕ್‌ ಮೊಳೆ ಕೊಳ್ಳಬೇಡಿ, ಕೆಂಪು ಮಣ್ಣಿಗೆ ಬೇಗ ಕಟ್ಟಿಕೊಳ್ಳುತ್ತದೆ. ನಾಲ್ಕಾರು ಬಳ್ಳಿಯಷ್ಟೇ ಇದ್ದರೆ 5 ಲೀಟರ್‌ ಹಿಡಿಯುವ ಮಣ್ಣಿನ ಮಡಕೆಯನ್ನು ಒಂದಡಿ ದೂರದಲ್ಲಿ ಕುತ್ತಿಗೆವರೆಗೆ ಹೂತು, ನೀರು ತುಂಬಿ ಮುಚ್ಚಳ ಹಾಕಿ. ಬಣ್ಣ ಬಳಿದ ಮಡಕೆ ಬೇಡ, ಅದು ಜಿನುಗುವುದಿಲ್ಲ.

ಕಾಳಿ, ಅಘನಾಶಿನಿ, ಶರಾವತಿ ನದಿಗಳ ಅಳಿವೆ ದಂಡೆಯವರು ಏಪ್ರಿಲ್‌ನಿಂದ ಬಾವಿ ನೀರನ್ನು ಆಗಾಗ ನಾಲಿಗೆಗೆ ಹಚ್ಚಿ ನೋಡಬೇಕು. ಉಪ್ಪು ತಗುಲಿದರೆ ಅದನ್ನು ಮೆಣಸಿಗೆ ಹಾಕಬೇಡಿ. ಎಲೆಯ ತುದಿ-ಅಂಚು ಕಂದಿ ಒಣಗುತ್ತಿದ್ದರೆ ಮೊದಲು ನೀರಿನ ಮೇಲೇ ಅನುಮಾನ ಪಡಿ.

ಜೋತ ಎಲೆ ಕಂಡ ಕೂಡಲೇ ಕೊಡ ಎತ್ತಬೇಡಿ. ಮಧ್ಯಾಹ್ನ ಜೋತು ಬೆಳಿಗ್ಗೆಗೆ ಚೇತರಿಸಿದರೆ ಅದು ಬಿಸಿಲಿನ ಬಳಲಿಕೆ, ನೀರಿನ ಸರದಿ ಒಂದು ದಿನ ಮುಂಚೆ ಮಾಡಿದರಾಯಿತು. ಬೆಳಿಗ್ಗೆ ಆರಕ್ಕೂ ಜೋತೇ ಇದ್ದು, ಮಣ್ಣಿನಲ್ಲಿ ಪಸೆಯೂ ಇದ್ದರೆ ಬುಡ ಪರೀಕ್ಷಿಸಿ. ಅಲ್ಲಿ ಕಪ್ಪಾಗಿ ಸಿಪ್ಪೆ ಸುಲಿದು ಬಂದರೆ ಕೊಳೆ ಹಿಡಿದಿದೆ. ಆ ಬಳ್ಳಿಯನ್ನು ಬೇರುಸಹಿತ ಕಿತ್ತು ಸುಡಿ, ಗೊಬ್ಬರದ ಗುಂಡಿಗೆ ಎಸೆಯಬೇಡಿ.

ಫಲ ಬಿಡುವ ದೊಡ್ಡ ಬಳ್ಳಿಯ ಲೆಕ್ಕ ಬೇರೆ. ಅದಕ್ಕೆ ಮಾರ್ಚ್‌ ಕೊನೆಯವರೆಗೆ ಹದಿನೈದು ದಿನಕ್ಕೊಮ್ಮೆ 50 ಲೀಟರ್‌ ಕೊಟ್ಟು, ಆಮೇಲೆ ಮುಂಗಾರಿನವರೆಗೆ ನಿಲ್ಲಿಸಿ. ಕೆಲವರು ಮೇ ತನಕ ಕೊಡುತ್ತಾರೆ, ಆದರೆ ಸ್ವಲ್ಪ ಬಾಯಾರಿದ ಬಳ್ಳಿಯೇ ಮಳೆ ಬಿದ್ದಾಗ ಒಟ್ಟಿಗೇ ಗೆರೆ (ಹೂವಿನ ತೆನೆ) ಬಿಡುವುದು. ಎಳೆಯದಕ್ಕೆ ಈ ಉಪವಾಸ ಮೊದಲ ಮೂರು ವರ್ಷ ಕೂಡದು. ಮಳೆ ಹಿಡಿದ ಮೇಲೆ ಮಡಲು ಬಿಚ್ಚಿ, ಮಡಕೆ ಎತ್ತಿ, ಬುಡದಲ್ಲಿ ನೀರು ನಿಲ್ಲದಂತೆ ಬಸಿಗಾಲುವೆ ತೋಡಿ.