ಮಳೆಗಾಲ ಕಳೆದು ಬೆಳ್ಳಿ, ವಜ್ರದ ಒಡವೆ ಹೊರತೆಗೆಯುವಾಗ

ಜೂನ್‌ನಲ್ಲಿ ಬೀರು ಸೇರಿದ ಬೆಳ್ಳಿ ಕೊಡಗಿನ ಸುಗ್ಗಿಹಬ್ಬ ಹುತ್ತರಿಗೆ ಹೊರಬರುವಾಗ ಕಪ್ಪಾಗಿರುತ್ತದೆ. ಬೈಗುಳ ಮಳೆಗೆ, ತಪ್ಪು ಗಂಧಕದ್ದು. ಗಾಳಿಯಲ್ಲಿನ ಗಂಧಕದ ಅನಿಲ ಬೆಳ್ಳಿಯ ಮೇಲೆ ಸಿಲ್ವರ್ ಸಲ್ಫೈಡ್ ಪದರ ಕಟ್ಟುತ್ತದೆ. ಕೊಡಗಿನ ತೇವ ಅದನ್ನು ಬೇಗ ಆಗಿಸುತ್ತದೆ, ಅಷ್ಟೆ. ಉಣ್ಣೆ ಬಟ್ಟೆ, ರಬ್ಬರ್ ಬ್ಯಾಂಡ್‌ಗಳಲ್ಲೂ ಗಂಧಕವಿದೆ. ಸರಕ್ಕೆ ರಬ್ಬರ್ ಬ್ಯಾಂಡ್ ಸುತ್ತಿಟ್ಟರೆ ಅದು ತಾಗಿದಲ್ಲೆಲ್ಲ ಗೆರೆ ಎಳೆದಂತೆ ಕಪ್ಪು ಕೂರುತ್ತದೆ.

ಹರಳಿಲ್ಲದ ಗೆಜ್ಜೆ, ಕಾಲುಂಗುರ, ಸಾದಾ ಸರಕ್ಕೆ ಸುಲಭ ದಾರಿಯಿದೆ. ಪಿಂಗಾಣಿ ಬಟ್ಟಲಿನ ತಳಕ್ಕೆ ಅಲ್ಯುಮಿನಿಯಂ ಫಾಯಿಲ್ ಹಾಸಿ, ಒಡವೆ ಅದಕ್ಕೆ ತಾಗುವಂತೆ ಇಡಿ. 1 ಲೀಟರ್ ಬಿಸಿನೀರಿಗೆ 4 ದೊಡ್ಡ ಚಮಚ ಅಡುಗೆ ಸೋಡಾ ಕಲಸಿ ಸುರಿದು 2–5 ನಿಮಿಷ ಬಿಡಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಕೆಲಸ ನಡೆಯುತ್ತಿದೆ ಎಂದರ್ಥ: ಗಂಧಕ ಬಿಟ್ಟುಹೋಗಿ ಬೆಳ್ಳಿ ಬೆಳ್ಳಿಯಾಗಿಯೇ ಉಳಿಯುತ್ತದೆ. ಫಾಯಿಲ್‌ಗೆ ತಾಗದಿದ್ದರೆ ಏನೂ ಆಗದು. ತೊಳೆದು, ಕೊಂಡಿಗಳ ಸಂದಿನವರೆಗೂ ಒಣಗಿಸಿ.

ಬೂದಿ, ಟೂತ್‌ಪೇಸ್ಟ್ ಹಾಕಿ ಉಜ್ಜಿದರೆ ಹೊಳಪೇನೋ ಬರುತ್ತದೆ, ಜೊತೆಗೆ ಗೀರುಗಳೂ. ಪ್ರತಿ ಸಲ ಒಂದಿಷ್ಟು ಬೆಳ್ಳಿಯೂ ಹೋಗುತ್ತದೆ. ಹುಳಿ ಕೆಲಸ ಮಾಡುವುದು ತಾಮ್ರದ ಮೇಲೆ, ಈ ಕಪ್ಪಿನ ಮೇಲಲ್ಲ. ಕೊಡಗಿನ ಅಡುಗೆಯ ಹುಳಿ ಕಾಚಂಪುಳಿ, ಹಂದಿಮಾಂಸದ ಪಂದಿಕರಿಗೇ ಇರಲಿ.

ಕೊಡವರು ಸೊಂಟಕ್ಕೆ ಸಿಕ್ಕಿಸುವ ಕಿರುಗತ್ತಿ ಪೀಚೆಕತ್ತಿಯನ್ನು ಮಾತ್ರ ಯಾವ ನೀರಿಗೂ ಇಳಿಸಬೇಡಿ. ಒರೆಯ ಮರ ಉಬ್ಬುತ್ತದೆ, ಅಲಗು ತುಕ್ಕು ಹಿಡಿಯುತ್ತದೆ. ಬೆಳ್ಳಿಯ ಭಾಗವನ್ನು ಮೆತ್ತನೆ ಹತ್ತಿಬಟ್ಟೆಯಿಂದ ಒರೆಸಿ. ಚಿತ್ತಾರದ ಕುಳಿಯಲ್ಲಿರುವ ಕಪ್ಪು ಹಾಗೇ ಇರಲಿ, ಕೆತ್ತನೆ ಎದ್ದು ಕಾಣುವುದೇ ಅದರಿಂದ. ಅಲಗಿಗೆ ಹೊಲಿಗೆ ಯಂತ್ರದ ಎಣ್ಣೆ ತೆಳ್ಳಗೆ ಸವರಿ. ತೆಂಗಿನೆಣ್ಣೆ ದಿನ ಕಳೆದಂತೆ ಕಮಟು ಹಿಡಿಯುತ್ತದೆ. ಅರಗು ತುಂಬಿದ ಗುಂಡುಗಳ ಕೊಡವ ಸರ ಜೋಮಾಲೆಗೂ ಬಿಸಿನೀರು ಆಗದು, ಅರಗು ಮೆತ್ತಗಾಗಿ ಗುಂಡು ನೆಗ್ಗುತ್ತದೆ.

ವಜ್ರದ ಕಥೆ ಬೇರೆ. ಅದು ಕಪ್ಪಾಗುವುದಿಲ್ಲ, ಆದರೆ ಜಿಡ್ಡನ್ನು ಎಳೆದುಕೊಳ್ಳುತ್ತದೆ. ತಲೆಗೆಣ್ಣೆ, ಕ್ರೀಮು ಹರಳಿನ ಹಿಂಬದಿ ಕೂತರೆ ಬೆಳಕು ಒಳಗೇ ಮಂಕಾಗುತ್ತದೆ. ಒಂದು ಲೋಟ ಉಗುರುಬೆಚ್ಚನೆ ನೀರಿಗೆ ಪಾತ್ರೆ ತೊಳೆಯುವ ದ್ರವ 2–3 ಹನಿ ಹಾಕಿ, 20 ನಿಮಿಷ ನೆನೆಸಿ, ಮಕ್ಕಳ ಮೆತ್ತನೆ ಬ್ರಷ್‌ನಿಂದ ಹಿಂಬದಿಯಿಂದಲೇ ಉಜ್ಜಿ. ಬಟ್ಟಲಲ್ಲೇ ಜಾಲಿಸಿ, ಸಿಂಕಿನಲ್ಲಿ ಬೇಡ. ಹಿಂಬದಿ ಮುಚ್ಚಿದ ಹಳೆಯ ಓಲೆಗಳನ್ನು ನೆನೆಸಬಾರದು. ಒಳಗೆ ಹೊಕ್ಕ ನೀರು ಹೊರಬರದೆ ಹರಳು ಮಂಕಾಗುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಇಷ್ಟಕ್ಕೂ ಮೊದಲು ಉಂಗುರವನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿ. ಟಿಕ್ ಟಿಕ್ ಸದ್ದು ಬಂದರೆ, ಇಲ್ಲವೇ ಹರಳು ಹಿಡಿದ ಹಲ್ಲಿಗೆ ಹತ್ತಿಯ ಎಳೆ ಸಿಕ್ಕಿಕೊಂಡರೆ, ತೊಳೆಯುವುದು ಬಿಟ್ಟು ಅಕ್ಕಸಾಲಿಗರ ಬಳಿ ಒಯ್ಯಿರಿ.

ಎತ್ತಿಡುವಾಗ ಒಂದೊಂದು ಒಡವೆಗೂ ಒಂದೊಂದು ಜಿಪ್ ಕವರ್, ಗಾಳಿ ಒತ್ತಿ ತೆಗೆದು. ವಜ್ರ ಬೇರೆ ಒಡವೆಯನ್ನಷ್ಟೇ ಅಲ್ಲ, ಇನ್ನೊಂದು ವಜ್ರವನ್ನೂ ಗೀರುತ್ತದೆ. ಬೆಳ್ಳಿಯ ಕವರಿನೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಮಳೆ ಜೋರಾಗಿರುವ ಕಕ್ಕಡ ತಿಂಗಳ (ಜುಲೈ–ಆಗಸ್ಟ್) ನಡುವೆ ಒಮ್ಮೆ ಬದಲಿಸಿ.